ಹುಳುವಿಗೆ ಹೇಳಿದ ಸುಳ್ಳು

ನನ್ನ ತಂಗಿಯನ್ನು ಕೊಟ್ಟಿರುವುದು ಹೂವಿನ ಹಡಗಲಿ ಕಡೆಯ ಒಂದು ಹಳ್ಳಿಗೆ. ಅವರದು ದೊಡ್ಡ ಹಿಡುವಳಿಯೇನಲ್ಲ. ಬೋರಿನ ಹತ್ತಿರ ಅರ್ಧ ಎಕರೆ ಮಲ್ಲಿಗೆ, ಉಳಿದ ನೆಲಕ್ಕೆ ಮುಂಗಾರಿನಲ್ಲಿ ಮೆಕ್ಕೆಜೋಳ. ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಅವಳ ಮನೆಗೆ ಹೋಗಿದ್ದೆ. ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಹೊಲದ ಕಡೆ ಹೊರಟೆವು. ಎದೆಮಟ್ಟ ಬೆಳೆದ ಜೋಳದ ನಡುವೆ ಅಲ್ಲಲ್ಲಿ ಕೋಲು ನೆಟ್ಟಿದ್ದರು. ಕೋಲಿನ ತುದಿಗೆ ಎಣ್ಣೆ ಸುರಿಯುವ ಆಲಿಕೆಯಂಥದ್ದು, ಅದರ ಮೇಲೊಂದು ಪುಟ್ಟ ಮುಚ್ಚಳ, ಕೆಳಗೆ ಅಂಗಿಯ ತೋಳಿನಂತೆ ಇಳಿಬಿದ್ದ ಪ್ಲಾಸ್ಟಿಕ್ ಚೀಲ.

"ಏನೇ ಇದು, ಬೆದರುಬೊಂಬೆಯ ಬದಲಿಗೆ?" ಎಂದೆ.

"ಮೋಹಕ ಬಲೆ ಅಕ್ಕಾ. ರೈತ ಸಂಪರ್ಕ ಕೇಂದ್ರದಾಗ ಹೇಳಿದ್ರಂತ, ಇವರು ತಂದು ಕಟ್ಟ್ಯಾರ" ಎಂದಳು.

ನನಗೆ ನಗು ಬಂತು. ಮೋಹಕ ಬಲೆ! ನಾವು ಕಾಲೇಜಿನಲ್ಲಿದ್ದಾಗ ಗ್ರಂಥಾಲಯದಿಂದ ತಂದು ದಿಂಬಿನ ಕೆಳಗಿಟ್ಟು ಓದುತ್ತಿದ್ದ ಕಾದಂಬರಿಗಳಿಗೆ ಇಂಥ ಹೆಸರುಗಳಿರುತ್ತಿದ್ದವು. ಆದರೆ ಬಗ್ಗಿ ಚೀಲದೊಳಗೆ ನೋಡಿದ ಮೇಲೆ ನಗು ನಿಂತಿತು. ಬೂದುಗಂದು ಬಣ್ಣದ ಹತ್ತಾರು ಪತಂಗಗಳು ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಒಂದೆರಡು ಇನ್ನೂ ಚೀಲದ ಗೋಡೆ ಹತ್ತುತ್ತಿದ್ದವು, ಜಾರುತ್ತಿದ್ದವು.

ತಂಗಿಯ ಗಂಡ ಮುಚ್ಚಳದ ಅಡಿಯಿಂದ ಹುಣಸೆ ಬೀಜದಷ್ಟು ದೊಡ್ಡದಾದ ಒಂದು ರಬ್ಬರ್ ಬಿರಡೆಯನ್ನು ತೋರಿಸಿದರು. ಹೆಣ್ಣು ಪತಂಗ ಗಂಡನ್ನು ಕರೆಯಲು ರಾತ್ರಿ ಹೊರಡಿಸುವ ವಾಸನೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ ಅದಕ್ಕೆ ಹಚ್ಚಿರುತ್ತಾರಂತೆ. ಗಂಡು ಹುಡುಕಿಕೊಂಡು ಬರುತ್ತದೆ. ಬಿರಡೆಯ ಸುತ್ತ ಸುತ್ತುತ್ತದೆ. ದಣಿದು ಆಲಿಕೆಯೊಳಗೆ ಬೀಳುತ್ತದೆ. ನಾನು ಮೂಗಿಗೆ ಹಿಡಿದು ನೋಡಿದೆ. ರಬ್ಬರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. "ಬಿದ್ದವೆಲ್ಲ ಗಂಡೇ ಅತ್ತಿಗೆಮ್ಮಾ" ಎಂದು ಅವರು ನಕ್ಕರು. ತಿಂಗಳಿಗೊಮ್ಮೆ ಬಿರಡೆ ಬದಲಿಸಬೇಕು, ಎಕರೆಗೆ ನಾಲ್ಕೈದು ಬಲೆ ಸಾಕು ಎಂದೂ ಹೇಳಿದರು.

ಬರುವಾಗ ಒಂದು ಹಳೆಯ ಬಲೆಯನ್ನು ಕೇಳಿ ತಂದೆ. ನಾನು ಓದಿದ್ದು ಬಿ.ಎ., ಬಿ.ಇಡಿ.; ಕಲಿಸುವುದು ಕನ್ನಡ ಮತ್ತು ಸಮಾಜ. ಆದರೆ ನಮ್ಮ ಶಾಲೆಯಲ್ಲಿ ಆಗ ವಿಜ್ಞಾನದ ಮೇಡಂ ಹೆರಿಗೆ ರಜೆಯಲ್ಲಿದ್ದರು. ಎಂಟನೆಯ ತರಗತಿಯ ಆ ಪೀರಿಯಡ್ಡು ನನ್ನ ಪಾಲಿಗೆ ಬಿದ್ದಿತ್ತು. ಪಾಠದ ಪುಸ್ತಕ ಓದಿಸುವುದಕ್ಕಿಂತ ಇದನ್ನು ತೋರಿಸುವುದು ಮೇಲು ಎಂದುಕೊಂಡೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಮಕ್ಕಳು. ಮೆಕ್ಕೆಜೋಳದ ಹುಳು ಎಂದರೆ ಎಲ್ಲರಿಗೂ ಗೊತ್ತು. ನಾನು ಬಲೆಯನ್ನು ಮೇಜಿನ ಮೇಲಿಟ್ಟು ತಂಗಿಯ ಗಂಡ ಹೇಳಿದ್ದನ್ನೇ ಹೇಳಿದೆ. ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಿಕಿಸಿ ನಕ್ಕರು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳು ಸಾಮಾನ್ಯವಾಗಿ ಬಾಯಿ ಬಿಡುವವಳಲ್ಲ.

"ಟೀಚರ್, ಹಂಗಾದ್ರ ಇದು ಮೋಸ ಅಲ್ಲೇನ್ರಿ?"

"ಹುಳಕ್ಕ ಎಂಥಾ ಮೋಸಲೇ" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ "ಬೆಳೆ ಉಳೀಬೇಕಲ್ಲಮ್ಮಾ" ಎಂದು ಹೇಳಿ ಮುಂದಕ್ಕೆ ಹೋದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಶಿಕ್ಷಕರಾದವರಿಗೆ ಗಂಟೆಯಷ್ಟು ಆಪ್ತಬಂಧು ಬೇರೆ ಇಲ್ಲ. ಆದರೆ ಆ ಹುಡುಗಿ ಕೂರುವಾಗ ಮುಖ ಚಿಕ್ಕದು ಮಾಡಿಕೊಂಡಿದ್ದನ್ನು ನೋಡಿದ್ದೆ. ಅವಳು ಕೇಳಿದ್ದು ಮೋಸ ಹೌದೋ ಅಲ್ಲವೋ ಎಂದು. ನಾನು ಹೇಳಿದ್ದು ಅದರಿಂದ ಲಾಭ ಇದೆ ಎಂದು. ಇವೆರಡೂ ಬೇರೆ ಬೇರೆ ಎನ್ನುವುದು ಮನೆಗೆ ಬಂದು ಸಂಜೆ ದೀಪ ಹಚ್ಚುವಾಗ ಹೊಳೆಯಿತು.

ಆ ಮೇಲೆ ಈ ವಾಸನೆಯ ವಿಷಯ ಸಿಕ್ಕಿದ್ದನ್ನೆಲ್ಲ ಓದಿದೆ.

ಹುಳುಗಳಿಗೆ ನಮ್ಮ ಹಾಗೆ ಮೂಗಿಲ್ಲ. ಅವುಗಳ ಮೂಗೆಂದರೆ ಹಣೆಯ ಮೇಲಿನ ಎರಡು ಮೀಸೆ. ಆ ಮೀಸೆಯ ತುಂಬ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಒಂದೊಂದು ಕೂದಲಿನಲ್ಲೂ ಮತ್ತೆ ಸೂಕ್ಷ್ಮ ರಂಧ್ರಗಳು. ಗಾಳಿಯಲ್ಲಿ ತೇಲಿ ಬಂದ ವಾಸನೆಯ ಕಣ ಆ ರಂಧ್ರದೊಳಗೆ ಇಳಿದು, ಒಳಗಿರುವ ದ್ರವವನ್ನು ದಾಟಿ, ನರದ ತುದಿಯನ್ನು ಮುಟ್ಟುತ್ತದೆ. ಬೀಗಕ್ಕೆ ತಕ್ಕ ಕೀಲಿ ಬಿದ್ದರೆ ಮಾತ್ರ ಆ ನರ ಮಿಡಿಯುತ್ತದೆ. ಗಂಡು ರೇಷ್ಮೆ ಪತಂಗದ ಒಂದು ಮೀಸೆಯಲ್ಲಿ ಹೆಣ್ಣಿನ ವಾಸನೆ ಹಿಡಿಯಲೆಂದೇ ಸುಮಾರು 17,000 ಕೂದಲುಗಳಿವೆಯಂತೆ. ಹೆಣ್ಣು ಹುಡುಕಿಕೊಂಡು ಹೋಗುವುದಿಲ್ಲ. ಎಲೆಯ ಮೇಲೆ ಕೂತು, ಹೊಟ್ಟೆಯ ತುದಿಯ ಗ್ರಂಥಿಯನ್ನು ತೆರೆದು ಕರೆಯುತ್ತದೆ. ಆ ಕರೆ ಗಾಳಿಯಲ್ಲಿ ನೇರ ಗೆರೆ ಎಳೆದ ಹಾಗೆ ಬರುವುದಿಲ್ಲ; ಊದಿನಕಡ್ಡಿಯ ಹೊಗೆಯಂತೆ ಎಳೆ ಎಳೆಯಾಗಿ, ತುಂಡು ತುಂಡಾಗಿ ಬರುತ್ತದೆ. ಗಂಡಿಗೆ ಒಂದು ಎಳೆ ಸಿಕ್ಕಿತೋ, ಗಾಳಿಗೆ ಎದುರಾಗಿ ಮುನ್ನುಗ್ಗುತ್ತದೆ. ಎಳೆ ತಪ್ಪಿತೋ, ಕತ್ತಲಲ್ಲಿ ಗೋಡೆ ತಡವುವವರಂತೆ ಎಡಕ್ಕೂ ಬಲಕ್ಕೂ ಹಾರಾಡಿ ಮತ್ತೆ ಹಿಡಿಯುತ್ತದೆ.

ಈ ಕರೆಯ ಗುಟ್ಟನ್ನು ಮೊದಲು ಬಿಡಿಸಿದ್ದು ನಾವು ಮದುವೆಗೆ ಉಡುವ ಸೀರೆಯ ಹುಳುವಿನಿಂದಲೇ. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ಎಂಬ ರಸಾಯನ ವಿಜ್ಞಾನಿ ಸುಮಾರು ಇಪ್ಪತ್ತು ವರ್ಷ ಕೆಲಸ ಮಾಡಿ 1959ರಲ್ಲಿ ಹೆಣ್ಣು ರೇಷ್ಮೆ ಪತಂಗದ ಆ ಒಂದು ರಸವನ್ನು ಬೇರ್ಪಡಿಸಿ ಬಾಂಬಿಕಾಲ್ ಎಂದು ಹೆಸರಿಟ್ಟ. ಅದಕ್ಕೆ ಬೇಕಾದ ಹೆಣ್ಣು ಪತಂಗಗಳು ಸುಮಾರು ಐದು ಲಕ್ಷ. ಅಷ್ಟರಿಂದ ಸಿಕ್ಕ ರಸ ಕೆಲವೇ ಮಿಲಿಗ್ರಾಂ. ಒಂದು ಓಲೆಯನ್ನು ಓದಲು ಐದು ಲಕ್ಷ ಬರೆದವರನ್ನು ಅರೆಯಬೇಕಾಯಿತು. ಆದರೆ ಒಮ್ಮೆ ಓದಿದ ಮೇಲೆ ಅದನ್ನು ನಾವೇ ಬರೆಯಬಹುದು. ಅದೇ ವರ್ಷ ಇಂಥ ರಸಗಳಿಗೆಲ್ಲ ಫೆರೊಮೋನ್ ಎಂಬ ಹೆಸರು ಬಂತು. ಈಗ ಹೊಲದಲ್ಲಿ ತೂಗುವ ಬಿರಡೆಗಳೆಲ್ಲ ಹಾಗೆ ನಾವು ಬರೆದ ಓಲೆಗಳು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳಿಗೆಂದೇ ಒಂದು ರಾಷ್ಟ್ರೀಯ ಬ್ಯೂರೊ ಇದೆ. ಅಲ್ಲಿನವರು ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಕೇಂದ್ರದವರ ಜೊತೆ ಸೇರಿ ಈ ವಾಸನೆ ಬೇಗ ಹಾರಿಹೋಗದೆ ಹೆಚ್ಚು ದಿನ ನಿಲ್ಲುವಂತೆ ಮಾಡುವ ಕೆಲಸದಲ್ಲಿದ್ದಾರೆ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಫ್ರಾನ್ಸಿನ ಫಾಬ್ರ್ (1823-1915) ಮಾಡಿದ ಒಂದು ಸಣ್ಣ ಪ್ರಯೋಗ. ಈತನೂ ನಮ್ಮ ಹಾಗೆ ಶಾಲೆಯಲ್ಲಿ ಕಲಿಸಿದವನು, ಸಂಬಳ ಸಾಲದೆ ಒದ್ದಾಡಿದವನು. ಒಂದು ಮೇ ತಿಂಗಳ ಬೆಳಿಗ್ಗೆ ಅವನ ಮನೆಯಲ್ಲಿ ದೊಡ್ಡ ಜಾತಿಯ ಹೆಣ್ಣು ಪತಂಗವೊಂದು ಗೂಡೊಡೆದು ಬಂತು. ತಂತಿಬಲೆಯ ಮುಸುಕಿನಡಿ ಇಟ್ಟ. ಆ ರಾತ್ರಿ ಎಲ್ಲೆಲ್ಲಿಂದಲೋ ಸುಮಾರು ನಲವತ್ತು ಗಂಡುಗಳು ಮನೆ ತುಂಬಿದವು. ಮುಂದೆ ಇನ್ನೊಂದು ಜಾತಿಯ ಪತಂಗದ ಮೇಲೆ ಅವನು ಬೇರೊಂದು ಪರೀಕ್ಷೆ ಮಾಡಿದ. ಹೆಣ್ಣನ್ನು ಗಾಳಿಯಾಡದ ಗಾಜಿನ ಮುಸುಕಿನೊಳಗೆ, ಕಿಟಕಿಯ ಎದುರೇ, ಎಲ್ಲರಿಗೂ ಕಾಣುವಂತೆ ಇಟ್ಟ. ಹಿಂದಿನ ರಾತ್ರಿ ಅದು ಕೂತಿದ್ದ ಮರಳಿನ ತಟ್ಟೆಯನ್ನು ಕೋಣೆಯ ಇನ್ನೊಂದು ಮೂಲೆಗೆ ಸರಿಸಿದ. ಬಂದ ಗಂಡುಗಳೆಲ್ಲ ಕಣ್ಣೆದುರಿಗಿದ್ದ ಹೆಣ್ಣಿನ ಪಕ್ಕದಿಂದಲೇ ಹಾರಿಹೋಗಿ, ಮೂಲೆಯ ಖಾಲಿ ತಟ್ಟೆಯ ಮೇಲೆ ಇಳಿದು ರೆಕ್ಕೆ ಬಡಿದವು.

ಇರುವೆಯದು ಇನ್ನೂ ಕಷ್ಟ. ಅಮೆರಿಕದ ಇ.ಒ. ವಿಲ್ಸನ್ 1958ರಲ್ಲಿ ಬರೆದ ಸಂಗತಿ ಇದು. ಸತ್ತ ಇರುವೆಯ ಮೈಯಲ್ಲಿ ಒಂದೆರಡು ದಿನಕ್ಕೆ ಓಲಿಯಿಕ್ ಆಮ್ಲ ಹುಟ್ಟುತ್ತದೆ. ಅದರ ವಾಸನೆ ಬಂದ ಕೂಡಲೇ ಉಳಿದವು ಹೆಣವನ್ನು ಎತ್ತಿ ಕಸದ ಗುಡ್ಡೆಗೆ ಹಾಕುತ್ತವೆ. ಈತ ಆ ಆಮ್ಲವನ್ನು ಜೀವಂತ ಇರುವೆಗೆ ಸವರಿದ. ಅದು ಕೈಕಾಲು ಬಡಿಯುತ್ತಿದ್ದರೂ ಉಳಿದವು ಎತ್ತಿಕೊಂಡು ಹೋಗಿ ಸ್ಮಶಾನದಲ್ಲಿ ಹಾಕಿದವು. ಮೈ ಉಜ್ಜಿಕೊಂಡು ವಾಪಸು ಬಂದರೆ ಮತ್ತೆ ಎತ್ತಿಕೊಂಡು ಹೋದವು. ವಾಸನೆ ಪೂರ್ತಿ ಹೋಗುವವರೆಗೂ ಅದು ಸತ್ತದ್ದೇ. ಇದನ್ನು ಓದಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಇರುವೆ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ನಾನು ಒರೆಸುತ್ತಿರುವುದು ಅವುಗಳ ದಾರಿಯನ್ನೇ. (ಒರೆಸುವುದನ್ನು ಬಿಟ್ಟಿಲ್ಲ. ಸಕ್ಕರೆ ಡಬ್ಬಿ ಉಳಿಯಬೇಕಲ್ಲ.)

ನಮಗೆ ಕಣ್ಣಿದೆ, ಕಿವಿಯಿದೆ, ನಾಲ್ಕು ಜನರನ್ನು ಕೇಳುವ ಬಾಯಿಯಿದೆ. ಒಬ್ಬರು ಸುಳ್ಳು ಹೇಳಿದರೆ ಇನ್ನೊಬ್ಬರಿಂದ ಪತ್ತೆ ಮಾಡಿಕೊಳ್ಳುತ್ತೇವೆ. ಆ ಗಂಡು ಪತಂಗಕ್ಕೆ ಇರುವುದು ಒಂದೇ ಸಾಕ್ಷಿ. ಆ ಒಂದು ಸಾಕ್ಷಿಯನ್ನೇ ನಾವು ಕೊಂಡುಕೊಂಡಿದ್ದೇವೆ. ಮೂರನೆಯ ಸಾಲಿನ ಹುಡುಗಿಯ ಪ್ರಶ್ನೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು.

ನಮ್ಮ ಅತ್ತೆ ಹರಪನಹಳ್ಳಿಯ ಕಡೆಯವರು. (ಊರು ಬಿಟ್ಟು ಕದಲದೆ ಮೂರು ಜಿಲ್ಲೆ ಕಂಡ ಊರದು: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ.) ಅವರು ಅಕ್ಷರ ಕಲಿತವರಲ್ಲ, ಆದರೆ ಹುಳುಗಳ ಜೊತೆ ವಾಸನೆಯಲ್ಲೇ ಮಾತಾಡುತ್ತಿದ್ದರು. ಬೇಳೆಯ ಡಬ್ಬಿಗೆ ಬಜೆಯ ತುಂಡು, ಜೋಳದ ಚೀಲಕ್ಕೆ ಬೇವಿನ ಸೊಪ್ಪು, ಸಂಜೆಯಾದರೆ ಸೊಳ್ಳೆಗೆ ಲಕ್ಕಿ ಸೊಪ್ಪಿನ ಹೊಗೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಮಾತ್ರ ಎಲ್ಲದಕ್ಕೂ ಪಾಲು. ಹಕ್ಕಿಗೂ ಹುಳಕ್ಕೂ ಸೇರಿ. ಅವರ ವಾಸನೆಗಳೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಹೋಗು. ನಾವು ಕಲಿತಿರುವುದು ಬಾ ಎನ್ನುವ ವಾಸನೆ. ಹೋಗು ಎನ್ನುವುದರಲ್ಲಿ ಒರಟುತನ ಇರಬಹುದು, ಸುಳ್ಳಿಲ್ಲ. ಬಾ ಎಂದು ಕರೆದು ಕೊಲ್ಲುವುದು ಬೇರೆಯೇ ಜಾತಿಯ ಕೆಲಸ.

ಹಾಗೆಂದು ಬರೆದ ಮೇಲೆ ಅದೂ ಅಷ್ಟು ಸಲೀಸಲ್ಲ ಎಂದು ಗೊತ್ತಾಯಿತು. 1912ರಲ್ಲಿ ಬಿಹಾರದ ಪೂಸಾ ಕೃಷಿ ಸಂಸ್ಥೆಯಲ್ಲಿ ಹೌಲೆಟ್ ಎಂಬ ಕೀಟಶಾಸ್ತ್ರಜ್ಞ ಒಂದು ವಿಚಿತ್ರ ಕಂಡು ಬರೆದ. ಸೊಳ್ಳೆಯನ್ನು ದೂರ ಇಡಲು ಹಚ್ಚಿಕೊಳ್ಳುವ ಸಿಟ್ರೊನೆಲ್ಲ ಎಣ್ಣೆಗೆ ಹಣ್ಣಿನ ನೊಣಗಳು ಮುತ್ತುತ್ತಿದ್ದವು, ಅದೂ ಗಂಡು ನೊಣಗಳು ಮಾತ್ರ. ಅದೇ ಎಳೆ ಹಿಡಿದು ಹೋಗಿ ಅವನು ಮಿಥೈಲ್ ಯೂಜಿನಾಲ್ ಎಂಬ ವಸ್ತುವನ್ನು ಗುರುತಿಸಿದ. ಇವತ್ತು ಮಾವಿನ ತೋಟಗಳಲ್ಲಿ ನೊಣ ಹಿಡಿಯಲು ತೂಗುಹಾಕುವುದು ಅದನ್ನೇ. ನಮ್ಮ ತುಳಸಿಯಲ್ಲೂ ಅದು ಸ್ವಲ್ಪ ಇರುತ್ತದೆ. ಅಂದರೆ ಒಬ್ಬರಿಗೆ ಹೋಗು ಎಂದದ್ದು ಇನ್ನೊಬ್ಬರಿಗೆ ಬಾ ಎಂದು ಕೇಳಿಸುತ್ತದೆ. ನನ್ನ ತಂಗಿಯ ಮಲ್ಲಿಗೆಯದೂ ಅದೇ ಕಥೆ. ಸಂಜೆಯ ಮೇಲೆ ಬಿರಿಯುವ, ಬೆಳ್ಳಗಿರುವ, ದೂರಕ್ಕೆ ಕಂಪು ಬೀರುವ ಹೂಗಳು ಕರೆಯುವುದು ಇರುಳಲ್ಲಿ ಹಾರುವ ಪತಂಗಗಳನ್ನು. ನಡುವೆ ಆ ಓಲೆಯನ್ನು ಕಿತ್ತು ಜಡೆಗೆ ಮುಡಿದುಕೊಂಡವರು ನಾವು.

ಇನ್ನು ಈ ಬಲೆ ಬರುವ ಮೊದಲು ಏನಿತ್ತು ಎನ್ನುವುದನ್ನು ಹೇಳಲೇಬೇಕು. ಮೆಕ್ಕೆಜೋಳದ ಸುಳಿ ತಿನ್ನುವ ಸೈನಿಕ ಹುಳು ನಮ್ಮ ದೇಶದ್ದಲ್ಲ, ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಕ್ಕೆ ಬಂದು, 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಕಡೆ ಭಾರತದಲ್ಲೇ ಮೊದಲು ಕಾಣಿಸಿಕೊಂಡಿತು. ಇದರ ಪತಂಗ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು, ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಆ ವರ್ಷ ದಾವಣಗೆರೆ, ಹರಪನಹಳ್ಳಿ, ನಮ್ಮ ಕಡೆ ಎಲ್ಲ ಹೊಲಗಳಲ್ಲೂ ಬೆನ್ನಿಗೆ ಪಂಪು ಕಟ್ಟಿದವರೇ. ನಮ್ಮಲ್ಲಿ ವಿಷಕ್ಕೆ ವಿಷ ಎನ್ನುವುದಿಲ್ಲ. ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಅಂಗಡಿಯವರು ಇನ್ನೂ ಮರ್ಯಾದೆಯಿಂದ ‘ಔಷಧಿ’ ಎನ್ನುತ್ತಾರೆ. ಸುಳ್ಳಿನ ಲೆಕ್ಕ ಹಿಡಿಯುವುದಾದರೆ ಅಲ್ಲಿಂದಲೇ ಹಿಡಿಯಬೇಕು. ಮಲ್ಲಿಗೆಯ ಮೊಗ್ಗು ಕೊರೆಯುವ ಹುಳುವಿಗೂ ಅದೇ ಔಷಧಿ. ನಸುಕಿನಲ್ಲಿ ಹೆಣ್ಣುಮಕ್ಕಳು ಬರಿಗೈಯಲ್ಲಿ ಬಿಡಿಸುತ್ತಾರೆ, ಉಡಿಯಲ್ಲಿ ತುಂಬುತ್ತಾರೆ, ಬಸ್ಸು ಬರುವುದರೊಳಗೆ ಪೇಟೆಗೆ ಕಳಿಸುತ್ತಾರೆ. ಅದನ್ನೇ ನಾವು ದೇವರಿಗೂ ಏರಿಸುತ್ತೇವೆ, ಮಕ್ಕಳ ತಲೆಗೂ ಮುಡಿಸುತ್ತೇವೆ.

ಕಾಸರಗೋಡಿನ ಕಥೆ ಪತ್ರಿಕೆಗಳಲ್ಲಿ ಬಂದದ್ದನ್ನು ನೀವು ಓದಿರಬಹುದು. ಗೇರು ಹೂವನ್ನು ಹೀರುವ ಒಂದು ತಿಗಣೆಗಾಗಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯಂಥ ಊರುಗಳಲ್ಲಿ, ನಮ್ಮದೇ ಮಾತಾಡುವ ಜನರ ಮನೆಗಳಲ್ಲಿ, ಹುಟ್ಟಿದ ಮಕ್ಕಳ ಚಿತ್ರಗಳನ್ನು ಒಮ್ಮೆ ನೋಡಿದರೆ ಸಾಕು. ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರಲ್ಲಿ.

ಆದರೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಬಳಗದಲ್ಲಿ ಒಬ್ಬಳು ಸೊಸೆ ಇದ್ದಳು. ಹೆಸರು ಬೇಡ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಮಗ ಆಗ ತೊಟ್ಟಿಲಲ್ಲಿದ್ದ. ಒಂದು ಸಂಜೆ ಏನೋ ಮಾತು ಬಂತು. ಎಲ್ಲ ಮನೆಗಳಲ್ಲೂ ಬರುವಂಥ ಮಾತೇ. ಹತ್ತಿಗೆ ಹೊಡೆದು ಮಿಕ್ಕಿದ ಬಾಟಲಿ ಮನೆಯಲ್ಲಿತ್ತು. ಅದು ಇರದಿದ್ದರೆ ಅವಳು ಎಂಟು ದಿನ ಮಾತು ಬಿಡುತ್ತಿದ್ದಳು, ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೋಗುತ್ತಿದ್ದಳು, ಹಬ್ಬಕ್ಕೆ ಮತ್ತೆ ಬರುತ್ತಿದ್ದಳು. ಈ ಯುಗಾದಿಯ ಆಸುಪಾಸು ಅವಳ ಮಗನ ಮದುವೆಯಾಯಿತು. ಕರೆಯಲು ಬಂದವಳು ಅವನ ಸೋದರತ್ತೆ. ಅಕ್ಷತೆ ಹಾಕುವಾಗ ನನ್ನ ತಲೆಯಲ್ಲಿ ಆ ಬಾಟಲಿಯೇ ಇತ್ತು. ರಬ್ಬರ್ ಬಿರಡೆ ಮನೆಯಲ್ಲಿದ್ದರೆ ಯಾರೂ ಸಾಯುವುದಿಲ್ಲ. ನನ್ನ ತಂಗಿ ಬಲೆ ಕಟ್ಟಿದ್ದನ್ನು ನಾನು ಒಪ್ಪುವುದಕ್ಕೆ ಹುಳುವಿಗಿಂತ ಮೊದಲು ಇದೇ ಕಾರಣ.

ಒಪ್ಪಿದರೂ ಪ್ರಶ್ನೆ ಪ್ರಶ್ನೆಯೇ. ಮೋಸ ಹೌದೋ ಅಲ್ಲವೋ?

ನಾನು ಕನ್ನಡ ಕಲಿಸುವವಳು. ನನಗೆ ಸಿಗುವ ಆಧಾರಗಳೆಲ್ಲ ಕಥೆಗಳಲ್ಲೇ. ಭಸ್ಮಾಸುರನನ್ನು ಕೊಂದದ್ದು ಮೋಹಿನಿ. ಅಲ್ಲಿ ದೇವರೇ ಹೆಣ್ಣಿನ ಸುಳ್ಳು ರೂಪ ತಾಳಿದ, ಯಾರೂ ತಪ್ಪೆನ್ನಲಿಲ್ಲ. ಹಾಗಾದರೆ ಸರಿಯೇ ಎಂದರೆ, ಮಾರೀಚ ಎದುರಿಗೆ ಬಂದು ನಿಲ್ಲುತ್ತಾನೆ. ಚಿನ್ನದ ಜಿಂಕೆಯಾದದ್ದು ಅವನ ಚಿಕ್ಕ ಮೋಸ. ಸಾಯುವಾಗ ರಾಮನ ದನಿಯಲ್ಲಿ ಲಕ್ಷ್ಮಣನನ್ನು ಕೂಗಿದ್ದು ದೊಡ್ಡ ಮೋಸ. ಸೀತೆ ಆ ದನಿಗೆ ನಡುಗಿದ್ದು ಅವಳು ದಡ್ಡಿ ಎಂದಲ್ಲ, ಆ ದನಿಯನ್ನು ಅವಳು ಪ್ರೀತಿಸುತ್ತಿದ್ದಳು ಎಂದು. ಬಿರಡೆ ಮಾಡುವುದೂ ಅದನ್ನೇ. ಇನ್ನು ಪುಣ್ಯಕೋಟಿಯನ್ನು ಇಷ್ಟು ವರ್ಷದಿಂದ ಮಕ್ಕಳಿಗೆ ಕಲಿಸುತ್ತಾ ಬಂದಿದ್ದೇನೆ. ತನ್ನನ್ನು ತಿನ್ನಲು ಕೂತ ಹುಲಿಗೂ ಕೊಟ್ಟ ಮಾತು ತಪ್ಪದ ಹಸು ಅದು. ಬೆಳೆ ತಿನ್ನುವ ಹುಳುವಿಗೆ ಸುಳ್ಳು ಹೇಳಬಹುದೆಂದು ಆ ಬಾಯಲ್ಲೇ ಹೇಗೆ ಹೇಳಲಿ?

ಪ್ರಕೃತಿಯಲ್ಲೇ ಈ ಮೋಸ ಇದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅಮೆರಿಕದಲ್ಲಿ ಒಂದು ಜೇಡ ಇದೆ. ಅದು ಬಲೆ ಹೆಣೆಯದೆ, ಒಂದು ನೂಲಿನ ತುದಿಗೆ ಅಂಟಿನ ಹನಿ ಇಳಿಬಿಟ್ಟು, ಹೆಣ್ಣು ಪತಂಗದ ವಾಸನೆಯನ್ನೇ ತಾನು ಹೊರಡಿಸಿ ಗಂಡನ್ನು ಹತ್ತಿರ ಕರೆದು ಹಿಡಿಯುತ್ತದೆ. ಯೂರೋಪಿನ ಕೆಲವು ಸೀತಾಳೆ ಹೂಗಳು ಹೆಣ್ಣು ಜೇನಿನ ವಾಸನೆ ಬೀರಿ ಗಂಡನ್ನು ಮರುಳು ಮಾಡಿ ಪರಾಗ ಸಾಗಿಸಿಕೊಳ್ಳುತ್ತವೆ. ಮುಂದಿನ ವಾರ ತರಗತಿಯಲ್ಲಿ ಇದನ್ನು ಹೇಳಿದೆ. ಅದೇ ಹುಡುಗಿ, ಈ ಸಲ ಎದ್ದು ನಿಲ್ಲದೆಯೇ, "ಜ್ಯಾಡ ಮಾಡ್ತೈತಿ ಅಂತ ನಾವು ಮಾಡಬೌದೇನ್ರಿ?" ಎಂದಳು. ಹದಿಮೂರು ವರ್ಷದ ಹುಡುಗಿ. ನನಗೆ ಅವಳ ಮೇಲೆ ಸಿಟ್ಟು ಬಂದದ್ದು ಸುಳ್ಳಲ್ಲ.

ಅವಳಿಗಾಗಿ ಸುಳ್ಳಿಲ್ಲದ ಕರೆಗಳನ್ನೂ ಹುಡುಕಿದೆ. ಸಿಕ್ಕವು. ಮೆಕ್ಕೆಜೋಳದ ಎಲೆಯನ್ನು ಹುಳು ಕಡಿದಾಗ, ಹುಳುವಿನ ಎಂಜಲು ತಾಗಿದ ಆ ಗಿಡ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ಅದನ್ನು ಹಿಡಿದು ಸಣ್ಣ ಕಣಜಗಳು ಬಂದು ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತವೆ. ಅಮೆರಿಕದ ವಿಜ್ಞಾನಿಗಳು 1990ರಲ್ಲಿ ಇದನ್ನು ತೋರಿಸಿಕೊಟ್ಟರು. ಗಿಡ ಕೂಗುತ್ತದೆ, ನಿಜವಾಗಿಯೂ ಹುಳು ಇದ್ದಾಗಲೇ ಕೂಗುತ್ತದೆ. ಬಂದವರಿಗೆ ಹೇಳಿದ್ದು ಸಿಗುತ್ತದೆ. ನಮ್ಮ ಎಣ್ಣೆ ಮೊದಲು ಕೊಲ್ಲುವುದು ಆ ಕ್ಷಣದಲ್ಲಿ ಓಡಿ ಬಂದ ಕಣಜವನ್ನೇ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಟೊಮೆಟೊ ಬೆಳೆಯುವವರಿಗೆ ಹೇಳಿಕೊಟ್ಟ ಉಪಾಯವೂ ಚೆನ್ನಾಗಿದೆ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು. ಕಾಯಿ ಕೊರೆಯುವ ಹುಳುವಿನ ತಾಯಿಗೆ ಚೆಂಡುಹೂವೇ ಹೆಚ್ಚು ಇಷ್ಟ. ಅಲ್ಲೇ ಮೊಟ್ಟೆ ಇಡುತ್ತದೆ. ಇಲ್ಲಿ ಕನಿಷ್ಠ ಕರೆದ ಮನೆಯಲ್ಲಿ ಊಟವಿದೆ.

ಇಷ್ಟೆಲ್ಲ ಬರೆದರೂ ಆ ಹುಡುಗಿಯ ಮಾತು ನನ್ನನ್ನು ಯಾಕೆ ಹಾಗೆ ಕೆಣಕಿತು ಎಂದು ಹೇಳಿಲ್ಲ. ಹೇಳುತ್ತೇನೆ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಆ ವರ್ಷ ಮಳೆ ಕೈಕೊಟ್ಟು ಅರ್ಧ ಊರು ಗುಳೆ ಹೋಗಿತ್ತು. ಒಬ್ಬ ಹುಡುಗ, ಎಂಟು ಒಂಬತ್ತು ವರ್ಷದವನು, ಅಜ್ಜಿಯ ಹತ್ತಿರ ಉಳಿದಿದ್ದ. ಅವರವ್ವ ದಸರೆಗೆ ಬರುತ್ತೇನೆಂದು ಹೇಳಿ ಹೋದವಳು ದೀಪಾವಳಿ ಕಳೆದರೂ ಬಂದಿರಲಿಲ್ಲ. ಒಂದು ದಿನ ಮಧ್ಯಾಹ್ನ ಅವನು ಶಾಲೆಯ ಹಿಂದಿನ ಹುಣಸೆ ಮರ ಹತ್ತಿ ಕೂತ. ತೀರ ತುದಿಯ ಟೊಂಗೆ. ರಸ್ತೆಯಲ್ಲಿ ಬರುವ ಬಸ್ಸು ಅಲ್ಲಿಂದ ಕಾಣುತ್ತಿತ್ತು. ಕರೆದರೆ ಇಳಿಯಲೊಲ್ಲ, ಬೈದರೆ ಇನ್ನೂ ಮೇಲೆ ಹೋಗುತ್ತಾನೆ. ಟೊಂಗೆ ಬಾಗುತ್ತಿತ್ತು. ನನಗೆ ಕೈಕಾಲು ಬಿದ್ದುಹೋದವು. ಏನು ಮಾಡಲೂ ತೋಚದೆ, "ಇಳೀ ಅಪ್ಪಾ, ನಿಮ್ಮವ್ವ ಬಂದಾಳ, ಆಫೀಸ್ ರೂಮಿನ್ಯಾಗ ಕುಂತಾಳ" ಎಂದು ಕೂಗಿದೆ.

ಅವನು ಇಳಿದ ರೀತಿ ಇನ್ನೂ ಕಣ್ಣ ಮುಂದಿದೆ. ಇಳಿಯಲಿಲ್ಲ, ಜಾರಿದ. ಮೊಣಕಾಲು, ಹೊಟ್ಟೆ ಎಲ್ಲ ತರಚಿತ್ತು. ನನ್ನನ್ನು ದಾಟಿ ಓಡಿ ರೂಮಿಗೆ ಹೋದ. ಅಲ್ಲಿ ಒಂದು ಕುರ್ಚಿ, ಒಂದು ಬೀರು, ಗೋಡೆಯ ಮೇಲೆ ಗಾಂಧೀಜಿ. ಹಿಂದೆ ಬಂದ ನನ್ನನ್ನು ನೋಡಿದ. ಅಳಲಿಲ್ಲ. ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದ, ಅಲ್ಲೆಲ್ಲಾದರೂ ನಿಂತಿರಬಹುದು ಎಂಬಂತೆ. ಎಲ್ಲರೂ ನನ್ನನ್ನು ಹೊಗಳಿದರು. ಉಪಾಯಗಾತಿ ಟೀಚರ್ ಎಂದರು. ಹುಡುಗನ ಕೈಕಾಲು ಮುರಿಯಲಿಲ್ಲ, ಇವತ್ತಿಗೂ ಅದೇ ನನ್ನ ಸಮರ್ಥನೆ. ಇನ್ನೊಮ್ಮೆ ಅಂಥ ಟೊಂಗೆ ಬಾಗಿದರೆ ಇನ್ನೊಮ್ಮೆ ಅದೇ ಸುಳ್ಳು ಹೇಳುತ್ತೇನೆ ಎಂದೂ ಗೊತ್ತು. ಆದರೆ ಸಂಕ್ರಾಂತಿಯ ಹೊತ್ತಿಗೆ ಅವನ ತಾಯಿ ನಿಜವಾಗಿಯೂ ಬಂದಳು. ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ನಾನೇ ಖುಷಿಯಿಂದ ಒಳಗೆ ಹೋಗಿ, "ನಿಮ್ಮವ್ವ ಬಂದಾಳೋ" ಎಂದೆ. ಅವನು ಪಾಟಿಯಿಂದ ತಲೆ ಎತ್ತಲಿಲ್ಲ.

ಬಿರಡೆಯ ಬಗ್ಗೆ ನಾನು ತಿಳಿದುಕೊಂಡ ಇನ್ನೊಂದು ಸಂಗತಿ ಇದೆ. ಬಲೆಯಿಂದ ಹುಳು ನಿರ್ನಾಮವಾಗುವುದಿಲ್ಲ. ಬೀಳುವುದು ಗಂಡು ಮಾತ್ರ, ಉಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳನ್ನು ಕೂಡುತ್ತದೆ. ಹತ್ತಿಯ ಗುಲಾಬಿ ಹುಳುವಿಗೆ ಹೊಲದ ತುಂಬ ವಾಸನೆ ಕಟ್ಟಿ ಗಂಡಿಗೆ ದಿಕ್ಕೇ ತಪ್ಪಿಸುವ ಕ್ರಮವೂ ಇದೆ. ಮೆಕ್ಕೆಜೋಳದಲ್ಲಿ ಎಕರೆಗೆ ನಾಲ್ಕೈದು ಬಲೆ ಕಟ್ಟುವುದು ಮುಖ್ಯವಾಗಿ ಎಣಿಸುವುದಕ್ಕೆ. ದಿನಾ ಬೆಳಿಗ್ಗೆ ಎಷ್ಟು ಬಿದ್ದಿವೆ ನೋಡಿದರೆ ಹುಳುವಿನ ಕಾಟ ಯಾವಾಗ ಏರುತ್ತದೆಂದು ತಿಳಿಯುತ್ತದೆ. ಏರದಿದ್ದರೆ ಎಣ್ಣೆ ಹೊಡೆಯುವುದೇ ಬೇಡ. ನನ್ನ ತಂಗಿಯ ಗಂಡ ಆ ಸಲ ಒಂದೇ ಬಾರಿ ಹೊಡೆದರು. ಹಿಂದಿನ ವರ್ಷ ನಾಲ್ಕು ಬಾರಿ ಹೊಡೆದಿದ್ದರು. ಹತ್ತಾರು ಗಂಡು ಪತಂಗ ಮೋಸಹೋದದ್ದರಿಂದ ಆ ಹೊಲದ ಜೇನು, ಕಣಜ, ಗುಲಗಂಜಿ ಹುಳುಗಳು ಮೂರು ಸಲ ಬದುಕಿಕೊಂಡವು.

ಸೋಮವಾರ ತರಗತಿಗೆ ಹೋಗಿ ಮೊದಲು ಆ ಹುಡುಗಿಯನ್ನು ಎಬ್ಬಿಸಿದೆ. "ನೀನು ಕೇಳಿದ್ದು ಸರಿ. ಅದು ಮೋಸವೇ. ಗೊತ್ತಿದ್ದೂ ಮಾಡ್ತೀವಿ" ಎಂದೆ. ಯಾಕೆ ಎನ್ನುವುದನ್ನು ಹೇಳಿದೆ. ಬಾಟಲಿಯ ವಿಷಯ ಹೇಳಲಿಲ್ಲ. ಕಣಜದ ವಿಷಯ ಹೇಳಿದೆ. ಹುಡುಗನ ವಿಷಯವನ್ನೂ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತಿದ್ದು, "ನಮ್ಮ ಹೊಲದಾಗೂ ಒಂದು ಕಟ್ಟಿಸ್ಲೇನ್ರಿ ಹಂಗಾದ್ರ?" ಎಂದು ಕೇಳಿದಳು.

ಕಟ್ಟಿಸಿದಳು. ದಿನವೂ ಶಾಲೆಗೆ ಬರುವ ಮುಂಚೆ ಹೊಲಕ್ಕೆ ಹೋಗಿ ಎಣಿಸಿ, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದಳು. ಸೋಮವಾರ 7, ಮಂಗಳವಾರ 4, ಬುಧವಾರ ಮಳೆ, ಗುರುವಾರ 11. ಒಂದು ದಿನ ಕನ್ನಡದ ಮನೆಕೆಲಸ ತಿದ್ದುವಾಗ ಆ ಹಾಳೆ ನನ್ನ ಕೈಗೆ ಸಿಕ್ಕಿತು. ಅಂಕಿಗಳ ಮೇಲೆ ದುಂಡಗೆ ತಲೆಬರಹ ಹಾಕಿದ್ದಳು: ‘ಮೋಸ ಹೋದವರು’. ಹುಳುಗಳಾದ್ದರಿಂದ ‘ಹೋದವು’ ಎಂದಾಗಬೇಕು. ಕೆಂಪು ಪೆನ್ನಿನಿಂದ ‘ರು’ ಮೇಲೆ ಗೆರೆ ಎಳೆಯಲು ಹೋದೆ. ಆಮೇಲೆ ಹಾಗೇ ಬಿಟ್ಟು ಹಾಳೆ ತಿರುಗಿಸಿದೆ.